ಐದು ದನಿಗಳನ್ನು ಬಿಡಿಸಿ ಕೇಳುವುದು ಹೇಗೆ

ರೋಸ್ (ನಮ್ಮ ಮಂಗಳೂರು ಕ್ಯಾಥೊಲಿಕರಲ್ಲಿ ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಮನೆಯಲ್ಲಿ ನಾಲ್ಕೈದು ಜನ ಸೇರಿ ಇಂಗ್ಲಿಷ್ ಹಾಡು ಹಾಡುವ ಯೋಚನೆ ಇದೆಯಾ? ಹಾಗಾದರೆ ಪ್ರಾಕ್ಟೀಸ್ ಶುರು ಮಾಡುವ ಮೊದಲು ಅಮೆರಿಕದ ‘ದ ಫಿಫ್ತ್ ಡೈಮೆನ್ಶನ್’ ತಂಡದ ‘ಗ್ರೇಟೆಸ್ಟ್ ಹಿಟ್ಸ್ ಆನ್ ಅರ್ತ್’ ಕೇಳಿ. 1972ರ ಆಲ್ಬಮ್. ತಂಡದಲ್ಲಿ ಇಬ್ಬರು ಹೆಂಗಸರು, ಮೂವರು ಗಂಡಸರು.

ನಮ್ಮ ಮಂಗಳೂರಿನಲ್ಲಿ ಚರ್ಚ್ ಕೊಯರ್ ಹಾಡಿದವರಿಗೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ (ಮೇಲಿನ ದನಿಯಿಂದ ಕೆಳಗಿನ ದನಿಯವರೆಗೆ) ಹೊಸದಲ್ಲ. ಭಜನೆಯಲ್ಲಿ ಬೆಳೆದವರಿಗೆ ಇದು ಸ್ವಲ್ಪ ಬೇರೆ ಅನಿಸುತ್ತದೆ, ಅಲ್ಲಿ ಒಬ್ಬರು ಹೇಳಿಕೊಟ್ಟಿದ್ದನ್ನು ಎಲ್ಲರೂ ಅದೇ ಸ್ವರದಲ್ಲಿ ಹಾಡುತ್ತಾರೆ, ಇಲ್ಲಿ ಒಂದೇ ಸಾಲಿಗೆ ಒಬ್ಬೊಬ್ಬರದ್ದು ಒಂದೊಂದು ಸ್ವರ.

ಆ್ಯಪ್‌ನಲ್ಲಿ ಹುಡುಕುವಾಗ ಆಲ್ಬಮ್ ಹೆಸರು ನೋಡಿಕೊಳ್ಳಿ. ಹಳೇ ಹಾಡುಗಳನ್ನು ಎಷ್ಟೋ ವರ್ಷದ ನಂತರ ಮತ್ತೆ ಹಾಡಿ ಅದೇ ಹೆಸರಲ್ಲಿ ಹಾಕಿರುವುದು ಉಂಟು. ಶಫಲ್ ಆಫ್ ಮಾಡಿ. ಇಯರ್‌ಫೋನ್ ಬೇಕೇ ಬೇಕು. ಮೊಬೈಲ್ ಸ್ಪೀಕರ್‌ನಲ್ಲಿ ಬಾಸ್ ದನಿ ಸತ್ತೇ ಹೋಗುತ್ತದೆ, ಅದರ ಮೇಲೆ ಜೂನ್ ಮಳೆ ಶೀಟಿನ ಮೇಲೆ ಬೀಳುತ್ತಿದ್ದರಂತೂ ಏನೂ ಕೇಳುವುದಿಲ್ಲ.

ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಲೀಡ್ ದನಿಯನ್ನು, ಅಂದರೆ ಮುಖ್ಯ ಸಾಲು ಹಾಡುವ ದನಿಯನ್ನು ಬಿಟ್ಟುಬಿಡಿ, ಕೆಳಗಿನಿಂದ ಶುರು ಮಾಡಿ. ಇದೇ ಮುಖ್ಯ. ಕಳೆದ ವರ್ಷ ನಮ್ಮ ಗುಂಪಿನಲ್ಲಿ ಐದೂ ಜನ ಲೀಡ್ ಕಲಿತು ಬಂದಿದ್ದೆವು, ಕೆಳಗಿನ ದನಿ ಹಿಡಿಯುವವರೇ ಇರಲಿಲ್ಲ, ಹಾಡು ನಿಲ್ಲಲೇ ಇಲ್ಲ. ತಂಡದ ಲಮಾಂಟ್ ಮೆಕ್‌ಲೆಮೋರ್ ಅವರ ಬಾಸ್ ಹುಡುಕಿ, ಅದರ ಜೊತೆ ಬಾಯಿ ಮುಚ್ಚಿ ಗುನುಗಿ. ಆಮೇಲೆ ನಡುವಿನ ದನಿಗಳು. ಕಷ್ಟ ಆದರೆ ಇಯರ್‌ಫೋನ್‌ನ ಒಂದು ಕಡೆ ಮಾತ್ರ ಹಾಕಿ, ಆಮೇಲೆ ಇನ್ನೊಂದು ಕಡೆ. ಒಂದು ಕಿವಿಗೆ ಬರುವುದೆಲ್ಲ ಇನ್ನೊಂದಕ್ಕೆ ಬರುವುದಿಲ್ಲ.

ಯಾವ ಹಾಡಿನಿಂದ ಶುರು ಮಾಡಬೇಕು? ನನ್ನ ಕೇಳಿದರೆ ‘ವೆಡ್ಡಿಂಗ್ ಬೆಲ್ ಬ್ಲೂಸ್’. ಮರಿಲಿನ್ ಮೆಕೂ ಲೀಡ್, ಉಳಿದವರು ಹಿಂದೆ ನಿಂತು ಉತ್ತರ ಕೊಡುತ್ತಾರೆ, ಹಾಗಾಗಿ ದನಿ ಬಿಡಿಸುವುದು ಸುಲಭ. ಬಿಲ್ ಅನ್ನುವವನಿಗೆ ‘ಯಾವಾಗ ಮದುವೆ ಆಗುತ್ತೀ’ ಅಂತ ಕೇಳುವ ಹಾಡು ಇದು. ತಂಡದಲ್ಲೇ ಇದ್ದ ಬಿಲ್ಲಿ ಡೇವಿಸ್ ಜೂನಿಯರ್ ಅವರನ್ನು ಮರಿಲಿನ್ 1969ರಲ್ಲಿ ಮದುವೆಯಾದರು, ಅದೇ ವರ್ಷ ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಬರೆದದ್ದು ಮಾತ್ರ ಲಾರಾ ನೈರೊ, ಅದೂ ಕೆಲವು ವರ್ಷ ಮೊದಲೇ. ಮದುವೆ ಮನೆಗೆ ಇದಕ್ಕಿಂತ ಒಳ್ಳೆ ಹಾಡು ಬೇಕಾ?

‘ಅಪ್, ಅಪ್ ಆ್ಯಂಡ್ ಅವೇ’ಯನ್ನು ಎರಡನೆಯದಾಗಿ ಇಡಿ. ಅದರಲ್ಲಿ ಶ್ರುತಿ ಜಾಗ ಬದಲಿಸುತ್ತಾ ಹೋಗುತ್ತದೆ, ಎಲ್ಲಿ ಬದಲಾಯಿತು ಅಂತ ಸೆಕೆಂಡ್ ಸಮೇತ ಬರೆದಿಟ್ಟುಕೊಳ್ಳಿ.

‘ಅಕ್ವೇರಿಯಸ್’ ಕೊನೆಗೆ. ‘ಹೇರ್’ ಅನ್ನುವ ಸಂಗೀತ ನಾಟಕದ ಎರಡು ಹಾಡು ಸೇರಿಸಿ ಮಾಡಿದ್ದು, 6 ವಾರ ನಂಬರ್ ಒನ್ ಇತ್ತು. ವಾದ್ಯ ಲಾಸ್ ಏಂಜಲೀಸ್‌ನಲ್ಲಿ, ದನಿ ಲಾಸ್ ವೇಗಸ್‌ನಲ್ಲಿ ರೆಕಾರ್ಡ್ ಆಗಿದೆ ಅಂತ ಕೇಳಿದರೆ ಗೊತ್ತೇ ಆಗುವುದಿಲ್ಲ! ಎರಡನೇ ಭಾಗದಲ್ಲಿ ಎಲ್ಲರೂ ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುವಾಗ ಬಿಲ್ಲಿ ಮೇಲಿನಿಂದ ಚರ್ಚ್‌ನಲ್ಲಿ ಹಾಡುವ ಹಾಗೆ ಕೂಗಿ ಹಾಡುತ್ತಾರೆ. ಆ ಕೂಗನ್ನು ನಕಲು ಮಾಡಲು ಹೋಗಬೇಡಿ, ಗಂಟಲು ಹೋಗುತ್ತದೆ. ಕೆಳಗಿನ ಸಾಲನ್ನು ನಾಲ್ಕು ಜನ ಗಟ್ಟಿಯಾಗಿ ಹಿಡಿದರೆ ಸಾಕು.

ಶ್ರುತಿ ಜಾಸ್ತಿ ಅನಿಸಿದರೆ ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಬಟನ್) ಒತ್ತಿ ಎರಡು ಮನೆ ಇಳಿಸಿ, ಆದರೆ ಅವರಿಗೆ ತೀರಾ ಕೆಳಗಾಗುತ್ತದಾ ಅಂತ ಮೊದಲು ಬಾಸ್ ಹಾಡುವವರನ್ನು ಕೇಳಿ.