ಬೂಷ್ಟು ಹಾಕಿ ಮೆಣಸಿನ ಬಳ್ಳಿ ಉಳಿಸಿಕೊಂಡೆವು

ಬಳ್ಳಿಯ ಬುಡ-ಬೇರು ಕೊಳೆಸಿ ಸಾಯಿಸುವ ಸೊರಗು ರೋಗ ಹೊಕ್ಕ ತೋಟ ಹೇಗಿರುತ್ತದೆ ಅಂತ ಮೆಣಸು ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಅದನ್ನು ತಡೆಯುವ ಬೂಷ್ಟು ಟ್ರೈಕೋಡರ್ಮಾದ ಹೆಸರೂ ಎಲ್ಲರಿಗೂ ಗೊತ್ತು. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದಾರೆ. ಆದರೆ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಯಾರನ್ನೇ ಕೇಳಿ, "ಹಾಕಿದ್ದೆ ಮಾರಾಯ, ದುಡ್ಡು ದಂಡ" ಅನ್ನುತ್ತಾರೆ.

ಪ್ಯಾಕೆಟ್ ಒಡೆದು ಸೀದಾ ಬುಡಕ್ಕೆ ಸುರಿದರೆ ದಂಡವೇ. ಅದು ಜೀವ ಇರುವ ಬೂಷ್ಟು, ಮೊದಲು ತಿಂದು ಬೆಳೆಯಬೇಕು. ಲೆಕ್ಕ ಹಳೆಯದೇ: 90 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ. ನೆರಳಲ್ಲಿ ಗುಡ್ಡೆ, ಮೇಲೆ ಒದ್ದೆ ಗೋಣಿ, ಸುಮಾರು 15 ದಿನ. ಮೊದಮೊದಲು ನಮ್ಮ ಗುಡ್ಡೆಯಲ್ಲಿ ಏನೂ ಹುಟ್ಟಲಿಲ್ಲ. ಒಮ್ಮೆ ಗೊಬ್ಬರ ಪೂರ್ತಿ ಕಳಿತಿರಲಿಲ್ಲ, ಕೈ ಇಟ್ಟರೆ ಸುಡುತ್ತಿತ್ತು. ಇನ್ನೊಮ್ಮೆ ಅಂಗಡಿಯವನು ಅವಧಿ ಮುಗಿದ ಮಾಲು ದಾಟಿಸಿದ್ದ. ಈಗ ಗೊಬ್ಬರವನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ. ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು. ಗೋಣಿ ಎತ್ತಿದಾಗ ಮೊದಲು ಬಿಳಿ ನೂಲು, ಆಮೇಲೆ ಪಾಚಿಯಂಥ ಹಸಿರು. ಬೇಗ ಹಸಿರಾಗಲು ನಾನು ಇನ್ನೊಂದು ವಸ್ತು ಎರಚುತ್ತೇನೆ. ಅದನ್ನು ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ಹೇಳುತ್ತೇನೆ!

ಗುಡ್ಡೆ ಹಸಿರಾದರೂ ಬಳ್ಳಿ ಸಾಯುವುದು ನಿಲ್ಲಲಿಲ್ಲ. ಸೊರಗು ರೋಗ ತರುವ ಸೂಕ್ಷ್ಮಜೀವಿ ಫೈಟಾಫ್ತೊರಾ ನೀರಲ್ಲಿ ಈಜಿಕೊಂಡು ಬರುವ ಜಾತಿ. ಮೇಲಿನ ತೋಟದ ಬಸಿಗಾಲುವೆ ನಮ್ಮ ತೋಟದೊಳಗೇ ಹಾದು ಹೋಗುತ್ತದೆ. ನಾನೊಬ್ಬನೇ ಹಾಕಿ ಏನು ಪ್ರಯೋಜನ? ಸಾಲದ್ದಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಬೇರೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಿರಿ ಅಂತ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು 100 ವರ್ಷದ ಹಿಂದೆಯೇ ತೋರಿಸಿಕೊಟ್ಟರು, ಅದನ್ನು ಬಿಡುವ ಹಾಗಿಲ್ಲ. ಆದರೆ ಅಡಿಕೆ ಗೊನೆಯಿಂದ ತೊಟ್ಟಿಕ್ಕುವ ಮೈಲುತುತ್ತು, ಅದೇ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಬುಡದಲ್ಲಿರುವ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ.

ಒಂದೇ ಕಾಲುವೆಯ ಏಳೆಂಟು ಮನೆಯವರನ್ನು ಕೂರಿಸಿ ಮಾತಾಡಿದೆ. "ಬೂಷ್ಟು ಹಾಕಿ ರೋಗ ಓಡಿಸ್ತಾನಂತೆ" ಅಂತ ಒಬ್ಬ ಮಾವಯ್ಯ ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಒಪ್ಪಿದರು. ಮಳೆಗೆ ಮುಂಚೆ ಎಲ್ಲರೂ ಬಸಿಗಾಲುವೆ ಬಿಡಿಸುವುದು, ಒಂದೇ ವಾರದಲ್ಲಿ ಬೋರ್ಡೋ ಮುಗಿಸುವುದು, 20–25 ದಿನ ಬಿಟ್ಟು ಬಳ್ಳಿಗೆ 2 ಕೆಜಿಯಂತೆ ಗುಡ್ಡೆ ಗೊಬ್ಬರ. ಎರಡನೇ ಬೋರ್ಡೋ ಆದಮೇಲೆ ಮತ್ತೊಮ್ಮೆ. ಗುಡ್ಡೆ ಮಾಡುವ ಕೆಲಸ ಕೇರಿಯ ಸ್ವಸಹಾಯ ಸಂಘದ ಹೆಂಗಸರದ್ದು. ನಮಗಿಂತ ಚೆನ್ನಾಗಿ ಮಾಡುತ್ತಾರೆ, ಸುಳ್ಳಲ್ಲ.

ಸ್ವಂತ ಗೊಬ್ಬರ ಇದ್ದರೆ ಕ್ವಿಂಟಾಲಿಗೆ ಕೂಲಿ ಸೇರಿ 600 ರೂಪಾಯಿ ಆಗಬಹುದು. ಬಳ್ಳಿಗೆ ಒಂದು ಸಲಕ್ಕೆ ಬಿದ್ದದ್ದು 12 ರೂಪಾಯಿ. ಒಳ್ಳೆ ಬಳ್ಳಿಯಲ್ಲಿ 2 ಕೆಜಿ ಒಣ ಮೆಣಸು ಸಿಕ್ಕರೆ ಲೆಕ್ಕ ನೀವೇ ಹಾಕಿ. ಮೊದಲು ಮಳೆಗಾಲ ಮುಗಿಯುವಾಗ ನೂರಕ್ಕೆ 20–25 ಬಳ್ಳಿ ಹೋಗುತ್ತಿತ್ತು. ಈಗ ನಾಲ್ಕೈದು. ಪೂರ್ತಿ ನಿಂತಿಲ್ಲ. ರೋಗ ಹಿಡಿದು ಎಲೆ ಜೋತ ಬಳ್ಳಿಗೆ ಹಾಕಿದರೂ ಅದು ಏಳುವುದಿಲ್ಲ. ಮಾವಯ್ಯ ಈಗ ಎಲ್ಲರಿಗಿಂತ ಮೊದಲು ತಮಗೆ ಬೇಕಾದ ಗುಡ್ಡೆ ಗೊಬ್ಬರದ ಚೀಲ ಬರೆಸುತ್ತಾರೆ.

ಗೊಬ್ಬರದ ಬದಲು ಅಡಿಕೆ ಸಿಪ್ಪೆಯಲ್ಲೂ ಬೆಳೆಸಿ ನೋಡಿದೆ. ಬರುತ್ತದೆ, ಆದರೆ ಭಾರೀ ನಿಧಾನ. ನೀರು ನಿಲ್ಲುವ ಮೂಲೆಯಲ್ಲಿ ಮೆಣಸಿನ ಜಾತಿಯದೇ ಆದ ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟಿದ ಮೆಣಸಿನ ಗಿಡ ಇಟ್ಟಿದ್ದೇನೆ. ಹಿಪ್ಪಲಿಯ ಬೇರಿಗೆ ಈ ರೋಗದ ಹೆದರಿಕೆ ಇಲ್ಲ, ನೀರಿಲ್ಲದಿದ್ದರೆ ಮಾತ್ರ ಒಣಗಿಬಿಡುತ್ತದೆ. ಏಪ್ರಿಲ್‌ನಲ್ಲಿ ನೀರು ಕೊಡಲಾಗದವರು ಅದರ ತಂಟೆಗೆ ಹೋಗಬೇಡಿ.