ಹಳೇ ಕ್ಯಾಂಪರ್ ಟ್ರೇಲರ್ ಕೊಂಡಿರಾ? ಬಣ್ಣದ ಡಬ್ಬ ಆಮೇಲೆ, ಮೊದಲು ಏಣಿ ತನ್ನಿ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ, ಕೊಂಡ ನಮ್ಮವರು ಮೊದಲ ವಾರವೇ ಬಣ್ಣದ ಅಂಗಡಿಗೆ ಓಡುತ್ತಾರೆ. ಕಂದು ಕಪಾಟಿಗೆ ಬಿಳಿ ಬಣ್ಣ, ಸೀಟಿಗೆ ಹೊಸ ಬಟ್ಟೆ, ಗೋಡೆಗೆ ಅಂಟಿಸುವ ಟೈಲ್ಸ್ ಚಿತ್ರದ ಹಾಳೆ. ಫೋಟೊ ಚೆನ್ನಾಗಿ ಬರುತ್ತದೆ. ನಾಲ್ಕು ಮಳೆ ಹೊಯ್ದ ಮೇಲೆ ಅದೇ ಬಿಳಿ ಬಣ್ಣ ಗುಳ್ಳೆ ಏಳುತ್ತದೆ. ಯಾಕೆಂದರೆ ಒಳಗಿನ ಮರ ಒದ್ದೆಯಾಗಿದೆ.

ಕೆಲಸಕ್ಕೆ ಒಂದು ಸರದಿ ಇಟ್ಟುಕೊಳ್ಳಿ. ಮೊದಲು ಸೋರುವುದನ್ನು ನಿಲ್ಲಿಸಿ. ಆಮೇಲೆ ಚಕ್ರ. ಆಮೇಲೆ ಕರೆಂಟು, ಗ್ಯಾಸ್. ಅಂದಚೆಂದ ಕೊನೆಗೆ. ಸರದಿ ತಪ್ಪಿದರೆ ಮಾಡಿದ್ದನ್ನೇ ಕಿತ್ತು ಮತ್ತೆ ಮಾಡಬೇಕಾಗುತ್ತದೆ.

ಸೋರಿಕೆ ಯಾಕೆ ಇಷ್ಟು ದೊಡ್ಡ ವಿಷಯ? ಅಮೆರಿಕದ ಬಹುಪಾಲು ಟ್ರೇಲರ್‌ಗಳು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಕಡಿಮೆ ಬೆಲೆಯವುಗಳ ಗೋಡೆ ಬಿಚ್ಚಿದರೆ ಸಿಗುವುದು ಮರದ ರೀಪುಗಳು, ಹೊರಗೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್ಡು, ನಡುವೆ ಫೈಬರ್‌ಗ್ಲಾಸ್ ಹತ್ತಿ. ಇದರೊಳಗೆ ಒಮ್ಮೆ ನೀರು ಸೇರಿದರೆ ಒಣಗುವುದಕ್ಕೆ ದಾರಿಯೇ ಇಲ್ಲ. ಹೊರಗೋಡೆ ನುಣುಪಾದ ಫೈಬರ್‌ಗ್ಲಾಸಿನದಾದರೆ ಅಂಟು ಬಿಟ್ಟು ಉಬ್ಬುತ್ತದೆ. ಆ ಉಬ್ಬು ಕಂಡರೆ ಕೊಳ್ಳಲೇಬೇಡಿ. ಅದು ಮನೆಯಂಗಳದಲ್ಲಿ ಮುಗಿಯುವ ರಿಪೇರಿ ಅಲ್ಲ.

ನೀರು ಎಲ್ಲಿಂದ ಬರುತ್ತಿದೆ?

ಕಿಟಕಿ ಬಾಗಿಲು ಮುಚ್ಚಿ ಒಂದು ಮಧ್ಯಾಹ್ನ ಬಿಸಿಲಲ್ಲಿ ಬಿಡಿ. ಬಾಗಿಲು ತೆರೆದಾಗ ಮುಗ್ಗಲು ವಾಸನೆ ಬಂತಾ? ಹಾಗಾದರೆ ಎಲ್ಲೋ ಒದ್ದೆ ಇದೆ. ಮೇಲಿನ ಕಪಾಟಿನ ಮೂಲೆ, ಕಿಟಕಿಯ ಕೆಳಗಿನ ಗೋಡೆ, ಮಂಚದ ಕೆಳಗಿನ ನೆಲ, ಬಾತ್‌ರೂಮಿನ ಮೂಲೆ, ಎಲ್ಲವನ್ನೂ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಗಟ್ಟಿ ಇರಬೇಕಾದ ಕಡೆ ಮೆತ್ತಗಾಗಿದ್ದರೆ ಒಂದು ಗುರುತು ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಳ್ಳಿನ ತೇವಾಂಶ ಮೀಟರ್ ಸಿಗುತ್ತದೆ. ಒಣ ಮರದಲ್ಲಿ ಅದು ಶೇಕಡಾ 15ಕ್ಕಿಂತ ಕಡಿಮೆ ತೋರಿಸುತ್ತದೆ. 20 ದಾಟಿದ ಕಡೆ ಅನುಮಾನ ಪಡಿ.

ಕಲೆ ಕಂಡ ಜಾಗವೇ ತೂತಿನ ಜಾಗ ಅಂದುಕೊಳ್ಳಬೇಡಿ. ಚಾವಣಿಯ ಮುಂದಿನ ಅಂಚಿನಲ್ಲಿ ಒಳಬಂದ ನೀರು ರೀಪಿನ ಮೇಲೆ ಹರಿದು, ನಾಲ್ಕಡಿ ಆಚೆ ಕಿಟಕಿಯ ಪಕ್ಕ ಇಳಿಯುತ್ತದೆ. ಜನ ಕಿಟಕಿಗೆ ಪಟ್ಟು ಹಿಡಿದು ಸೀಲ್ ಮಾಡುತ್ತಾರೆ, ನೀರು ಬರುತ್ತಲೇ ಇರುತ್ತದೆ.

ತೂತು ಹುಡುಕಲು ಒಂದು ಒಳ್ಳೆಯ ಉಪಾಯ ಇದೆ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ಹಾಕಿ. ಚಾವಣಿಯ ಒಂದು ಗಾಳಿಕಿಂಡಿಗೆ ರಟ್ಟು ಕಟ್ಟಿ, ಅದರ ತೂತಿನಿಂದ ಎಲೆ ಊದುವ ಬ್ಲೋವರ್ ಅನ್ನು ಕಡಿಮೆ ವೇಗದಲ್ಲಿ ಒಳಗೆ ಊದಿಸಿ. ಒಳಗೆ ಗಾಳಿಯ ಒತ್ತಡ ಸ್ವಲ್ಪ ಏರುತ್ತದೆ. ಈಗ ಹೊರಗೆ ಅಂಚುಗಳಿಗೆ, ಕಿಟಕಿ ಚೌಕಟ್ಟಿಗೆ, ದೀಪಗಳ ಸುತ್ತ ಸೋಪಿನ ನೀರು ಸಿಂಪಡಿಸಿ. ಎಲ್ಲಿ ನೊರೆಗುಳ್ಳೆ ಏಳುತ್ತದೋ ಅಲ್ಲೇ ಸಂದು. ಪಕ್ಕದ ಮನೆಯವರು ವಿಚಿತ್ರವಾಗಿ ನೋಡಬಹುದು, ನೋಡಲಿ.

ಒಗ್ಗರಣೆ ಹೊಗೆಗೆ ಒಂದು ಫ್ಯಾನು

ನಮ್ಮ ಅಡುಗೆಗೆ ಟ್ರೇಲರಿನ ಒಲೆ ಸಾಕು, ಗಾಳಿ ಸಾಲದು. ಕುಕ್ಕರಿನ ಹಬೆ, ಮೆಣಸಿನಕಾಯಿ ಒಗ್ಗರಣೆ ಎರಡೂ ಸೇರಿದರೆ ಆ ಪುಟ್ಟ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಸಾಕಾಗುತ್ತದೆ. ಮೊದಲು ಒಲೆಯ ಮೇಲಿನ ಹುಡ್ ನೋಡಿ. ಹಲವು ಟ್ರೇಲರ್‌ಗಳಲ್ಲಿ ಅದರ ಹೊರಗಿನ ಮುಚ್ಚಳಕ್ಕೆ ಪುಟ್ಟ ಚಿಲಕ ಇರುತ್ತದೆ. ಅದನ್ನು ತೆರೆಯದೇ ಫ್ಯಾನ್ ಹಾಕಿದರೆ ಹೊಗೆ ಒಳಗೇ ಸುತ್ತುತ್ತದೆ. ಕೆಲವು ಹುಡ್‌ಗಳಿಗೆ ಹೊರದಾರಿಯೇ ಇರುವುದಿಲ್ಲ.

ಹಾಗಾಗಿ ಚಾವಣಿಯ ಹಳೇ ಕಿಂಡಿ ತೆಗೆದು ಒಳ್ಳೆಯ ಫ್ಯಾನ್ ಕೂರಿಸುವುದು ನನ್ನ ಪಟ್ಟಿಯಲ್ಲಿ ಮೊದಲ ಅಪ್‌ಗ್ರೇಡ್. ಸಾಮಾನ್ಯವಾಗಿ ಆ ತೂತು 14 ಇಂಚಿನ ಚೌಕ, ಮಾರುಕಟ್ಟೆಯ ಫ್ಯಾನ್‌ಗಳೂ ಅದೇ ಅಳತೆಯವು. ಕತ್ತರಿಸುವ ಕೆಲಸ ಇಲ್ಲ. ಈ ಒಂದು ಕೆಲಸ ಕಲಿತರೆ ಚಾವಣಿಯ ಉಳಿದ ರಿಪೇರಿಗೂ ಕೈ ಕುದುರುತ್ತದೆ.

ಮೊದಲು ಹೊರಗಿನ ಕರೆಂಟಿನ ಕೇಬಲ್ ಕಿತ್ತುಬಿಡಿ. ಒಳಗಿನಿಂದ ಪ್ಲಾಸ್ಟಿಕ್ ಚೌಕಟ್ಟಿನ ಸ್ಕ್ರೂ ತೆಗೆದು, ಬ್ಯಾಟರಿಯ ತಂತಿ ಬಿಚ್ಚಿದ ಮೇಲೆ ಕಿಂಡಿಯ ತಂತಿ ಬಿಡಿಸಿ. ಇಲ್ಲಿ ಹುಷಾರು. ಕಾರಿನಲ್ಲಿ ಕಪ್ಪು ತಂತಿ ಅಂದರೆ ಮೈನಸ್. ಎಷ್ಟೋ ಟ್ರೇಲರ್‌ಗಳ 12 ವೋಲ್ಟ್ ವೈರಿಂಗಿನಲ್ಲಿ ಕಪ್ಪೇ ಪ್ಲಸ್, ಬಿಳಿ ಮೈನಸ್. ಬ್ಯಾಟರಿ ಬಿಚ್ಚುವ ಮೊದಲೇ ಮೀಟರಿನಲ್ಲಿ ನೋಡಿ ಟೇಪ್ ಸುತ್ತಿ ಗುರುತು ಮಾಡಿಕೊಂಡಿದ್ದರೆ ತಲೆನೋವಿಲ್ಲ.

ಈಗ ಚಾವಣಿಯ ಕೆಲಸ. ಇಬ್ಬನಿ ಆರಿದ ಮೇಲೆ ಹತ್ತಿ, ಒದ್ದೆ ರಬ್ಬರ್ ಚಾವಣಿ ಬಹಳ ಜಾರುತ್ತದೆ. ಒಂದು ಪ್ಲೈವುಡ್ ಹಲಗೆ ಹಾಸಿ ಅದರ ಮೇಲೆ ಮಂಡಿಯೂರಿ, ಭಾರ ಹಂಚಿಕೆಯಾಗುತ್ತದೆ. ಸಂದು ಮುಚ್ಚಲು ಬಳಿದ ಹಳೇ ಸೀಲೆಂಟನ್ನು ಹೀಟ್ ಗನ್‌ನಿಂದ ಸ್ವಲ್ಪವೇ ಬಿಸಿ ಮಾಡಿ, ಪ್ಲಾಸ್ಟಿಕ್ ಚಾಕುವಿನಿಂದ ಎಬ್ಬಿಸಿ. ಕಬ್ಬಿಣದ್ದು ಬೇಡ, ರಬ್ಬರ್ ಹರಿಯುತ್ತದೆ. ಸ್ಕ್ರೂಗಳನ್ನು ತೆಗೆದು ಹಳೇ ಕಿಂಡಿ ಎತ್ತಿ. ತೂತಿನ ಸುತ್ತಲ ಮರ ಕಪ್ಪಾಗಿ ಮೆತ್ತಗಾಗಿದ್ದರೆ ಅಲ್ಲೇ ನಿಲ್ಲಿಸಿ. ಕೊಳೆತದ್ದನ್ನು ಕತ್ತರಿಸಿ ಹೊಸ ರೀಪು ಜೋಡಿಸಿದ ಮೇಲೆಯೇ ಮುಂದುವರಿಯಿರಿ. ಕೊಳೆತ ಮರಕ್ಕೆ ಸ್ಕ್ರೂ ಹಿಡಿಯುವುದಿಲ್ಲ.

ಜಾಗ ಒರೆಸಲು ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಪೆಟ್ರೋಲಿಯಂ ಬೆರೆತ ಕ್ಲೀನರ್‌ಗಳು ಚಾವಣಿಗೆ ಹಾಸುವ ಇಪಿಡಿಎಂ ಎಂಬ ರಬ್ಬರನ್ನು ಊದಿಸಿ ಹಾಳು ಮಾಡುತ್ತವೆ. ಒಣಗಿದ ಮೇಲೆ ಹೊಸ ಫ್ಯಾನಿನ ಅಂಚಿನ ಕೆಳಬದಿಗೆ ಸುತ್ತಲೂ ಬ್ಯುಟೈಲ್ ಟೇಪ್ (ಜಿಗುಟು ರಬ್ಬರ್ ಪಟ್ಟಿ) ಅಂಟಿಸಿ. ಎರಡು ತುದಿಗಳು ಒಂದರ ಮೇಲೊಂದು ಬರಬೇಕು. ತೂತಿಗೆ ಸರಿಯಾಗಿ ಕೂರಿಸಿ, ಎದುರು ಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಟೇಪ್ ಸುತ್ತಲೂ ಸಮನಾಗಿ ಹೊರಕ್ಕೆ ಇಣುಕಿದರೆ ಬಿಗಿ ಸಾಕು.

ಕೊನೆಗೆ ಲ್ಯಾಪ್ ಸೀಲೆಂಟ್. ಚಾವಣಿಯಂಥ ಸಮತಟ್ಟು ಜಾಗಕ್ಕೆ ತಾನೇ ಹರಡಿಕೊಳ್ಳುವ ಬಗೆ ತನ್ನಿ. ಇಡ್ಲಿ ಹಿಟ್ಟಿನ ಹದದಲ್ಲಿ ಇಳಿದು ಸ್ಕ್ರೂ ತಲೆಗಳನ್ನು ಮುಚ್ಚಿಕೊಳ್ಳುತ್ತದೆ, ಬೆರಳು ಆಡಿಸಬೇಕಿಲ್ಲ. ನೇರ ಗೋಡೆಗೆ, ಇಳಿಜಾರು ಅಂಚಿಗೆ ಅದು ಹರಿದುಹೋಗುತ್ತದೆ. ಅಲ್ಲಿಗೆ ಜಾರದ ಬಗೆಯದೇ ಬೇರೆ ಸಿಗುತ್ತದೆ. ನಿಮ್ಮ ಚಾವಣಿ ಇಪಿಡಿಎಂ ರಬ್ಬರೋ ಟಿಪಿಒ ಎಂಬ ಪ್ಲಾಸ್ಟಿಕ್ ಹಾಳೆಯೋ ನೋಡಿಕೊಂಡು, ಅದಕ್ಕೆ ಒಗ್ಗುವುದು ಅಂತ ಟ್ಯೂಬಿನ ಮೇಲೆ ಬರೆದಿದ್ದನ್ನೇ ತನ್ನಿ.

ಬಾತ್‌ರೂಮಿಗೆ ತಂದು ಉಳಿದ ಸಿಲಿಕೋನ್ ಟ್ಯೂಬ್ ಮನೆಯಲ್ಲಿದೆ, ಅದನ್ನೇ ಬಳಿದರಾಯಿತು ಅನ್ನಿಸುತ್ತದೆ ಅಲ್ವಾ? ದಯವಿಟ್ಟು ಬೇಡ. ಬಿಸಿಲಿಗೆ, ಕುಲುಕಾಟಕ್ಕೆ ಅದು ಅಂಚಿನಿಂದ ಸಿಪ್ಪೆ ಏಳುತ್ತದೆ. ಏಳದೆ ಉಳಿದ ಪದರದ ಮೇಲೆ ಬೇರೆ ಯಾವ ಸೀಲೆಂಟೂ ಹಿಡಿಯುವುದಿಲ್ಲ. ಹಿಂದಿನ ಮಾಲೀಕರು ಚಾವಣಿಗೆಲ್ಲ ಸಿಲಿಕೋನ್ ಬಳಿದಿದ್ದರೆ ಅದನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸ.

ಇಷ್ಟಾದ ಮೇಲೆ ವಸಂತಕ್ಕೊಮ್ಮೆ, ಚಳಿಗೆ ಮುಂಚೆ ಒಮ್ಮೆ ಏಣಿ ಹಾಕಿ ನೋಡಿ. ಸೀಲೆಂಟಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಅದರ ಮೇಲೆ ಹೊಸದು ಹಾಕಿ.

ಚಕ್ರ: ನೋಡಿದರೆ ಸಾಲದು, ಬಿಚ್ಚಬೇಕು

ಟ್ರೇಲರಿನ ಟೈರು ಸವೆದು ಸಾಯುವುದಕ್ಕಿಂತ ಕೂತು ಸಾಯುವುದು ಜಾಸ್ತಿ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ, ಗೀರುಗಳು ಹೊಸದರಂತೆ ಕಂಡರೂ ಬದಲಾಯಿಸಿ. ಕೊಳ್ಳುವಾಗ ಎಸ್‌ಟಿ ಅಂತ ಗುರುತಿರುವ ಟ್ರೇಲರ್ ಟೈರನ್ನೇ ಕೊಳ್ಳಿ. ಇವುಗಳಲ್ಲಿ ಹಲವಕ್ಕೆ ಗಂಟೆಗೆ 65 ಮೈಲಿಯೇ ಮಿತಿ. ಹೆದ್ದಾರಿಯಲ್ಲಿ ಎಲ್ಲರೂ 75ರಲ್ಲಿ ಹೋಗುತ್ತಿದ್ದಾರೆ ಅಂತ ನೀವು ಹೋಗುವಂತಿಲ್ಲ.

ಟೈರಿಗಿಂತ ಮುಖ್ಯ ಒಳಗಿನ ಬೇರಿಂಗು. ಬಹುತೇಕ ಕಂಪನಿಗಳು ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಗ್ರೀಸ್ ಬದಲಾಯಿಸಲು ಹೇಳುತ್ತವೆ. ಹಿಂದಿನವರು ಮಾಡಿದ್ದಾರೋ ಇಲ್ಲವೋ ನಂಬುವ ಹಾಗಿಲ್ಲ, ಕೊಂಡ ಕೂಡಲೇ ಒಮ್ಮೆ ಮಾಡಿಬಿಡಿ.

ಟ್ರೇಲರನ್ನು ಗಾಡಿಗೆ ಜೋಡಿಸಿಯೇ ಇಟ್ಟು, ಎದುರು ಬದಿಯ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಜಾಕನ್ನು ಆಕ್ಸಲ್ ಕೊಳವೆಗೆ ಕೊಡಬೇಡಿ, ಅದು ಬಾಗಬಹುದು. ಫ್ರೇಮಿಗೆ ಕೊಟ್ಟು, ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ.

ಚಕ್ರ ತೆಗೆದ ಮೇಲೆ ನಡುವಿನ ಟೋಪಿಯನ್ನು ಸುತ್ತಲೂ ಮೆಲ್ಲಗೆ ಮೀಟಿ ತೆಗೆಯಿರಿ. ಸೀಳುಪಿನ್ನು ಎಳೆದು, ದೊಡ್ಡ ನಟ್ಟು, ವಾಷರ್, ಹೊರಗಿನ ಬೇರಿಂಗು ಒಂದೊಂದಾಗಿ ತೆಗೆದಿಡಿ. ಬ್ರೇಕಿನ ಡ್ರಮ್ ಕೈಗೆ ಬರುತ್ತದೆ. ಹಿಂಬದಿಯ ಸೀಲ್ ಮೀಟಿದರೆ ಒಳಗಿನ ಬೇರಿಂಗು. ಸೀಲನ್ನು ಮತ್ತೆ ಹಾಕಬೇಡಿ, ಹೊಸದು ಕೆಲವೇ ಡಾಲರ್.

ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ತಿರುಗಿಸಿ. ಉರುಳೆಗಳ ಮೇಲೆ ಸಣ್ಣ ಗುಳಿ, ಗೀರು, ಕಾದು ತಿರುಗಿದ ನೀಲಿ ಬಣ್ಣ ಇದ್ದರೆ ಬೇರಿಂಗನ್ನೂ ಡ್ರಮ್ಮಿನೊಳಗಿನ ಅದರ ಉಕ್ಕಿನ ಬಳೆಯನ್ನೂ ಜೊತೆಯಾಗಿಯೇ ಬದಲಾಯಿಸಿ. ಚೆನ್ನಾಗಿದ್ದರೆ ಗ್ರೀಸ್ ತುಂಬಿ. ಅಂಗೈಯಲ್ಲಿ ಒಂದು ಉಂಡೆ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲ ಬದಿಯನ್ನು ಅದರ ಅಂಚಿಗೆ ಒತ್ತುತ್ತಾ ಬನ್ನಿ. ಉರುಳೆಗಳ ನಡುವಿನಿಂದ ಆ ಕಡೆಗೆ ಗ್ರೀಸ್ ಎಳೆಎಳೆಯಾಗಿ ಹೊರಬರಬೇಕು. ಮೇಲೆ ಸವರಿದರೆ ಏನೂ ಪ್ರಯೋಜನ ಇಲ್ಲ. ಬ್ರೇಕ್ ಶೂಗೆ ಮಾತ್ರ ಒಂದು ಬೊಟ್ಟು ಗ್ರೀಸೂ ತಾಗಬಾರದು.

ಜೋಡಿಸುವಾಗ ಡ್ರಮ್ ತಿರುಗಿಸುತ್ತಾ ನಟ್ಟನ್ನು ಸುಮಾರು 50 ಅಡಿ-ಪೌಂಡಿಗೆ ಬಿಗಿ ಮಾಡಿ, ಬೇರಿಂಗು ತನ್ನ ಜಾಗದಲ್ಲಿ ಕೂರುತ್ತದೆ. ಆಮೇಲೆ ಡ್ರಮ್ ತಿರುಗದಂತೆ ನಟ್ಟನ್ನು ಸಡಿಲಿಸಿ, ಬೆರಳಿನಲ್ಲೇ ಬಿಗಿ ಮಾಡಿ, ಹೊಸ ಸೀಳುಪಿನ್ನು ಹಾಕಿ. ಪಾನಾ ಕೈಯಲ್ಲಿದೆ ಅಂತ ಇನ್ನೊಂದು ಸುತ್ತು ಬಿಗಿ ಮಾಡಿದರೆ ಬೇರಿಂಗು ದಾರಿಯಲ್ಲೇ ಕಾದು ಸುಡುತ್ತದೆ. ಚಕ್ರದ ನಟ್ಟುಗಳನ್ನು ಮಾತ್ರ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ಪಾನಾದಲ್ಲೇ (ಬಿಗಿಯನ್ನು ಅಳೆಯುವ ಪಾನಾ) ಬಿಗಿ ಮಾಡಿ. 10, 25, 50 ಮೈಲಿಗೆ ನಿಲ್ಲಿಸಿ ಮತ್ತೆ ನೋಡಿ. ನಿಲ್ಲಿಸಿದಾಗ ಚಕ್ರದ ನಡುಭಾಗದ ಹತ್ತಿರ ಕೈ ತನ್ನಿ. ಒಂದು ಮಾತ್ರ ಉಳಿದವುಗಳಿಗಿಂತ ಜಾಸ್ತಿ ಬಿಸಿಯಾಗಿದ್ದರೆ ಅದನ್ನು ಮತ್ತೆ ಬಿಚ್ಚಬೇಕು.

ಕರೆಂಟು, ಗ್ಯಾಸ್

ಕಡಿಮೆ ಖರ್ಚಿನಲ್ಲಿ ದೊಡ್ಡ ಲಾಭ ಬೇಕೆಂದರೆ ಬಲ್ಬು ಬದಲಾಯಿಸಿ. ಹಳೇ 12 ವೋಲ್ಟ್ ಬಲ್ಬು ಒಂದೊಂದೂ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆ. ಅದೇ ಹೋಲ್ಡರಿನ ಎಲ್‌ಇಡಿಗೆ ಅದರಲ್ಲಿ ಸಣ್ಣ ಪಾಲು ಸಾಕು.

ಆಮೇಲೆ ಬ್ಯಾಟರಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಅಂದಹಾಗೆ, ಈ ವಸ್ತುವನ್ನು ಬ್ಯಾಟರಿಗೆ ತಂದ 1997ರ ಪ್ರಬಂಧ ಟೆಕ್ಸಸ್ ವಿಶ್ವವಿದ್ಯಾಲಯದ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡದ್ದು. ಅದರ ಮೂವರು ಲೇಖಕರಲ್ಲಿ ಪಾಢಿ ಅವರ ಜೊತೆಗೆ ಕೆ.ಎಸ್. ನಂಜುಂಡಸ್ವಾಮಿ ಎಂಬ, ನಮ್ಮ ಕಿವಿಗೆ ಪರಿಚಿತವಾದ ಹೆಸರೂ ಇದೆ. ಈ ಬ್ಯಾಟರಿ ಹಾಕುವಾಗ ಎರಡು ವಿಷಯ ನೋಡಿ. ಹಳೇ ಚಾರ್ಜರ್ 13.6 ವೋಲ್ಟಿಗೇ ನಿಂತರೆ ಇದು ಸರಿಯಾಗಿ ತುಂಬುವುದಿಲ್ಲ, 14.4ರ ಆಸುಪಾಸು ಕೊಡುವ ಲಿಥಿಯಂ ಚಾರ್ಜರ್ ಬೇಕು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು.

ಮನೆಯಂಗಳದಲ್ಲಿ ಟ್ರೇಲರಿಗೆಂದು 30 ಆಂಪಿಯರ್ ಪ್ಲಗ್ ಹಾಕಿಸುವವರು ಇದನ್ನು ಎರಡು ಸಲ ಓದಿ. ಆ ಮೂರು ತೂತಿನ ಪ್ಲಗ್ 120 ವೋಲ್ಟಿನದು. ಟ್ರೇಲರ್ ಕಂಡಿರದ ಎಲೆಕ್ಟ್ರಿಷಿಯನ್ ಅದನ್ನು ಬಟ್ಟೆ ಒಣಗಿಸುವ ಯಂತ್ರದ ಪ್ಲಗ್ ಅಂದುಕೊಂಡು 240 ಕೊಟ್ಟುಬಿಡುವುದು ಅಪರೂಪವೇನಲ್ಲ. ಫ್ರಿಜ್ಜು, ಚಾರ್ಜರ್, ಮೈಕ್ರೋವೇವ್ ಎಲ್ಲ ಒಂದೇ ಏಟಿಗೆ ಸುಟ್ಟುಹೋಗುತ್ತವೆ. ಜೋಡಿಸುವ ಮೊದಲು ಮೀಟರ್ ಇಟ್ಟು ನೋಡಿ.

ಗ್ಯಾಸಿನ ಕೊಂಡಿಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವಷ್ಟು ನಾವೇ ಮಾಡಬಹುದು. ಪೈಪು ಬದಲಾಯಿಸುವುದು ತಂತ್ರಜ್ಞರಿಗೆ ಬಿಡಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಅದಕ್ಕೇ ಅದರ ಅಲಾರಂ ನೆಲದ ಹತ್ತಿರ ಇರುವುದು. ಹಿಂಬದಿಯಲ್ಲಿ ಅದರ ತಾರೀಖು ಇರುತ್ತದೆ. ಅವಧಿ ಮುಗಿದಿದ್ದರೆ, ದೀಪ ಹತ್ತುತ್ತಿದ್ದರೂ ಬದಲಾಯಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಮ್ಮಿಗೂ ಇದೇ ಮಾತು.

ಈಗ ಬಣ್ಣ

ಗೋಡೆಗೆ ಅಂಟಿಸಿರುವುದು ನುಣುಪಾದ ವಿನೈಲ್ ಹಾಳೆ, ನೇರ ಬಳಿದ ಬಣ್ಣ ಉಗುರಿಗೆ ಕಿತ್ತು ಬರುತ್ತದೆ. ಜಿಡ್ಡು ತೊಳೆದು, ಮರಳು ಕಾಗದದಲ್ಲಿ ಹಗುರವಾಗಿ ಉಜ್ಜಿ, ನುಣುಪಿಗೆ ಹಿಡಿಯುವ ಪ್ರೈಮರ್ ಹಾಕಿ, ಆಮೇಲೆ ಬಣ್ಣ. ಗ್ರಾನೈಟ್, ಸೆರಾಮಿಕ್ ಟೈಲ್ಸ್ ಆಸೆ ಬಿಡಿ. ಕುಲುಕಾಟಕ್ಕೆ ಬಿರುಕು ಬಿಡುತ್ತವೆ, ತೂಕವೂ ಜಾಸ್ತಿ. ಬಾಗಿಲ ಬಳಿಯ ಹಳದಿ ಸ್ಟಿಕರಿನಲ್ಲಿ ಟ್ರೇಲರ್ ಎಷ್ಟು ಸಾಮಾನು ಹೊರಬಹುದು ಅಂತ ಬರೆದಿರುತ್ತದೆ. ಹೊಸ ನೆಲಹಾಸು, ಸೋಲಾರ್, ಅಕ್ಕಿ ಚೀಲ, ಗ್ರೈಂಡರ್ ಎಲ್ಲವೂ ಆ ಲೆಕ್ಕದೊಳಗೇ ಬರಬೇಕು.

ಚಳಿಗೆ ಮುಂಚೆ

ಉತ್ತರದ ರಾಜ್ಯಗಳಲ್ಲಿ ಇರುವವರಿಗೆ ಇದೊಂದು ಕಡ್ಡಾಯ ಕೆಲಸ. ಪೈಪಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೊಂಡಿಗಳೆಲ್ಲ ಸೀಳುತ್ತವೆ. ಮೊದಲು ನೀರು ಕಾಯಿಸುವ ಹೀಟರ್ ಆರಿಸಿ, ತಣ್ಣಗಾದ ಮೇಲೆ ನಲ್ಲಿ ತೆರೆದು ಒತ್ತಡ ಬಿಟ್ಟು, ಅದರ ತೊಟ್ಟಿ ಖಾಲಿ ಮಾಡಿ. ಉಕ್ಕಿನ ತೊಟ್ಟಿಯಾದರೆ ತಿರುಗಿಸಿ ತೆಗೆದ ಬಿರಡೆಯ ಜೊತೆಗೇ ಒಂದು ಲೋಹದ ಕಡ್ಡಿ ಬರುತ್ತದೆ. ತೊಟ್ಟಿಯ ಬದಲು ತಾನು ಸವೆಯುವುದೇ ಅದರ ಕೆಲಸ. ಮುಕ್ಕಾಲು ಭಾಗ ಕರಗಿದ್ದರೆ ಹೊಸದು ಹಾಕಿ.

ಆಮೇಲೆ ಹೀಟರಿನ ತೊಟ್ಟಿಗೆ ಏನೂ ಹೋಗದಂತೆ ಅದರ ಬೈಪಾಸ್ ವಾಲ್ವ್ ತಿರುಗಿಸಿ, ಪಂಪಿನ ಮೂಲಕ ಗುಲಾಬಿ ಬಣ್ಣದ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ಎಳೆಸಿ. ಕಾರಿನ ರೇಡಿಯೇಟರಿಗೆ ಹಾಕುವುದು ವಿಷ, ಅದನ್ನು ಇಲ್ಲಿ ಹಾಕಲೇಬಾರದು. ಪಂಪಿಗೆ ಹತ್ತಿರದ ನಲ್ಲಿಯಿಂದ ಶುರು ಮಾಡಿ, ಬಿಸಿ, ತಣ್ಣೀರು ಎರಡರಲ್ಲೂ ಗುಲಾಬಿ ಬಣ್ಣ ಬರುವ ತನಕ ಬಿಡಿ. ಶವರ್, ಟಾಯ್ಲೆಟ್ ಆಯಿತು ಅಂದುಕೊಂಡವರು ಸಾಮಾನ್ಯವಾಗಿ ಮರೆಯುವುದು ಹೊರಗಿನ ಶವರನ್ನು. ಸಿಂಕಿನ ಕೆಳಗಿನ ಬಾಗುಪೈಪಿನಲ್ಲೂ ನೀರು ನಿಂತಿರುತ್ತದೆ, ಪ್ರತಿ ಸಿಂಕಿಗೆ ಒಂದೊಂದು ಲೋಟ ಆಂಟಿಫ್ರೀಜ್ ಸುರಿಯಿರಿ.