ನಿಮ್ಮ ಲೈಬ್ರರಿಯಿಂದಲೇ ಒಂದು ಸಂಶೋಧನಾ ಲೇಖನ

ವಿಷಯ ಹುಡುಕಿಕೊಂಡು ದೂರ ಹೋಗಬೇಡಿ. ಕಾಸರಗೋಡಿನ ನಮ್ಮ ಕಾಲೇಜು ಲೈಬ್ರರಿಯಲ್ಲಿ ಕನ್ನಡ, ಮಲಯಾಳ ಎರಡೂ ಕಪಾಟುಗಳಿವೆ. ಕನ್ನಡ ಪುಸ್ತಕ ಒಯ್ಯುವವರು ಕನ್ನಡ ವಿಭಾಗದವರು ಮಾತ್ರವಾ? ನಾನು ಹಿಡಿದ ಪ್ರಶ್ನೆ ಇಷ್ಟೇ.

ಲೈಬ್ರರಿ ತಂತ್ರಾಂಶ ಕೋಹಾದಲ್ಲಿ ಎರವಲು ವರದಿ ತೆಗೆಯಿರಿ. ಪುಸ್ತಕದ ವಿವರ ದಾಖಲಿಸುವ ಮಾರ್ಕ್ ನಮೂನೆಯಲ್ಲಿ 008 ಎಂಬ ಕ್ಷೇತ್ರದ 35ರಿಂದ 37ನೇ ಸ್ಥಾನದಲ್ಲಿ ಭಾಷೆಯ ಕೋಡ್ ಇರುತ್ತದೆ: ಕನ್ನಡಕ್ಕೆ ಕೆಎಎನ್, ಮಲಯಾಳಕ್ಕೆ ಎಂಎಎಲ್. ಮೊದಲು ಅದನ್ನೇ ಪರೀಕ್ಷಿಸಿ. ಕನ್ನಡ ಪುಸ್ತಕಕ್ಕೂ ಇಂಗ್ಲಿಷ್ ಕೋಡ್ ಬಿದ್ದಿರಬಹುದು. ಬೇಸರದ ಕೆಲಸ ಹೌದು, ಬಿಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ. ವಿದ್ಯಾರ್ಥಿಗಳ ಹೆಸರು ಅಳಿಸಿ, ತರಗತಿ ಮಾತ್ರ ಉಳಿಸಿ. ಪ್ರಿನ್ಸಿಪಾಲರ ಒಪ್ಪಿಗೆ ಬರಹದಲ್ಲಿರಲಿ, ಬಾಯಿಮಾತು ಸಾಲದು.

ಕಳಿಸುವುದು ಎಲ್ಲಿಗೆ? ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ 2025ರಲ್ಲಿ ನಿಂತಿತು. ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಸಂಶೋಧನಾ ಪತ್ರಿಕೆಗಳ ಆನ್‌ಲೈನ್ ಪಟ್ಟಿ ಡಿಒಎಜೆಯಲ್ಲಿ ಪತ್ರಿಕೆಯ ಶುಲ್ಕ, ಪರಿಶೀಲನೆಯ ಕ್ರಮ ನೋಡಿ. ದುಡ್ಡು ಕೊಟ್ಟರೆ ವಾರದೊಳಗೆ ಪ್ರಕಟಿಸುತ್ತೇವೆ ಅನ್ನುವವರಿಗೆ ದೂರದಿಂದಲೇ ನಮಸ್ಕಾರ. ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸಿ.